ಈ ಸಲ ಉಪ್ಪು ಹದವಾಗಿತ್ತು

ಡಿಸೆಂಬರ್ ೨೬, ಮಧ್ಯಾಹ್ನ

ಪ್ರೀತಿಯ ಮೊಂಡಿಗೆ,

ನಿನ್ನ ಚಿಕ್ಕಮ್ಮನ ಆಶೀರ್ವಾದ. ಇಲ್ಲಿ ನಾವಿಬ್ಬರೂ ಕ್ಷೇಮ. ಪ್ರತಿ ಕಾಗದದಲ್ಲೂ ಕೈ ತಾನಾಗಿಯೇ ಬರೆದುಬಿಡುವ ಮಾತು ಇದು, ಆದರೆ ಈ ಸಲ ಯೋಚನೆ ಮಾಡಿಯೇ ಬರೆದಿದ್ದೇನೆ. ನಿನ್ನಪ್ಪ ನಿಜವಾಗಿಯೂ ಕ್ಷೇಮ. ಈಗ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಲ ಮೇಲೆ ಕಂಬಳಿ ಹೊದ್ದು, ಎದುರುಮನೆಯವರು ಹಳೆಯ ಮಂಚವನ್ನು ಮೆಟ್ಟಿಲಿನಿಂದ ಇಳಿಸುವುದನ್ನು ನೋಡುತ್ತ ಕೂತಿದ್ದಾರೆ. 'ಎಡಕ್ಕೆ ತಿರುಗಿಸ್ರೋ, ಎಡಕ್ಕೆ!' ಎಂದು ಗಾಜಿನ ಈಚೆಯಿಂದಲೇ ಅವರಿಗೆ ಬುದ್ಧಿ ಹೇಳುತ್ತಿದ್ದಾರೆ. ಅವರಿಗೆ ಕೇಳಿಸುವುದಿಲ್ಲ, ಪುಣ್ಯ.

ಉತ್ತರ ತಡವಾಯಿತು, ಬೈಯಬೇಡ. ಶಾಲೆಯವರು ಸಮವಸ್ತ್ರದ ಕಾಲರಿನ ಆಕಾರ ಬದಲಾಯಿಸಿದ್ದಾರೆ. ಇಷ್ಟು ವರ್ಷ ಚೂಪಾಗಿದ್ದದ್ದು ಇನ್ನು ಮುಂದೆ ದುಂಡಗಿರಬೇಕಂತೆ. ದುಂಡಗಿದ್ದರೆ ಮಕ್ಕಳು ಗಣಿತದಲ್ಲಿ ಪಾಸಾಗುತ್ತಾರೋ ಏನೋ. ಹೊಲಿದಿಟ್ಟದ್ದನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯುತ್ತಿದ್ದೇನೆ. ಅದು ನೆಪ. ನಿಜ ಏನೆಂದರೆ ನಿನ್ನ ಕಾಗದಕ್ಕೆ ಏನು ಬರೆಯಬೇಕೆಂದೇ ನನಗೆ ತೋಚಲಿಲ್ಲ. 'ಆ ಮೇಜಿಗೆ ನಾನಿನ್ನು ಕೂರೋಲ್ಲ ಚಿಕ್ಕಮ್ಮ. ಅಪ್ಪನ್ನ ಸಾಯಿಸೋಕೆ ಹೊರಟವಳು ನಾನು' ಎಂದು ಬರೆದಿದ್ದೆಯಲ್ಲ, ಓದಿ ಮಡಚಿಟ್ಟೆ, ಮತ್ತೆ ತೆಗೆದು ಓದಿದೆ. ನಿನ್ನಪ್ಪನಿಗೆ ಆ ಸಾಲು ಹೇಳಲಿಲ್ಲ. 'ಬಂದರಿನಲ್ಲಿ ಹಡಗುಗಳು ಸಾಲು ನಿಂತಿವೆಯಂತೆ, ಕ್ರೇನು ನಡೆಸೋರಿಗೆ ರಜೆ ಇಲ್ಲವಂತೆ' ಎಂದೆ. ಅವರು 'ಹೂಂ' ಎಂದರು. ಅದು ನಂಬಿದವರ ಹೂಂ ಆಗಿರಲಿಲ್ಲ.

ಈಗ ಬರೆಯಬೇಕಾದ್ದು ಸಿಕ್ಕಿದೆ. ನಿನ್ನೆ ವರ್ಷಕ್ಕೊಮ್ಮೆಯ ನಮ್ಮ ರಜೆಯ ಊಟ ಆಯಿತು. ಟರ್ಕಿ ಕೋಳಿ ಮಾಡಿದೆ. ನಿನ್ನಪ್ಪ ತಿಂದರು. ಕೆಮ್ಮಲಿಲ್ಲ. ನೀನು ಜೀವ ಕೈಯಲ್ಲಿ ಹಿಡಿದುಕೊಂಡು ಓದುವುದು ಬೇಡವೆಂದು ಕೊನೆಯದನ್ನು ಮೊದಲೇ ಹೇಳಿಬಿಟ್ಟೆ. ಇನ್ನು ನಿಧಾನವಾಗಿ ಓದು. ಕ್ರೇನಿನ ಮೇಲೆ ಕೂತು ಓದಬೇಡ.

ಹೋದ ವರ್ಷದ ಮಾತು ಎತ್ತಲೇಬೇಕು. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದಾಳೆ ಎನ್ನಬೇಡ, ನಿನಗೆ ಗೊತ್ತಿರುವುದು ಅರ್ಧ. ಹೋದ ವರ್ಷ ನೀನು 'ಈ ಸಲ ಟರ್ಕಿ ನಾನು ಮಾಡ್ತೀನಿ, ಅಮ್ಮ ಮಾಡ್ತಿದ್ದ ಹಾಗೇ ಮಾಡ್ತೀನಿ' ಎಂದೆ. ಅಮ್ಮ ಹೋದಾಗ ನೀನು ಎಷ್ಟರವಳು? ಆ ರುಚಿ ನಿನಗೆಲ್ಲಿ ನೆನಪಿರಬೇಕು? ಅಪ್ಪ ಮೇಜಿನ ತುದಿಯಲ್ಲಿ ಕೂತು 'ಅದ್ಭುತ!' ಎಂದು ಕೂಗುತ್ತಿದ್ದದ್ದು ಮಾತ್ರ ನಿನ್ನ ಕಿವಿಯಲ್ಲಿ ಉಳಿದಿತ್ತು. ಬೆಳಿಗ್ಗೆ ಹಕ್ಕಿಯನ್ನು ಓವನ್ನಿಗೆ ಇಟ್ಟರೆ ಊಟದ ಹೊತ್ತಿನವರೆಗೆ ಅಮ್ಮ ಅದರ ಬಾಗಿಲು ತೆಗೆಯುತ್ತಿರಲಿಲ್ಲ ಎಂದು ನಿನ್ನ ಸೋದರತ್ತೆ ಹೇಳಿದಳು, ನೀನು ಹಾಗೆಯೇ ಮಾಡಿದೆ. ಅಪ್ಪ ತಿಂದು 'ಅದ್ಭುತ' ಎಂದರು. ಇನ್ನೊಂದು ತುಂಡು ಕೇಳಿ ಹಾಕಿಸಿಕೊಂಡರು. ಆಮೇಲೆ ಕೆಮ್ಮು. ಆಮೇಲೆ ನೀಲಿಗಟ್ಟಿದ ಮುಖ, ಆಂಬುಲೆನ್ಸಿನವರ ಬೂಟಿನ ಸದ್ದು, ಶ್ವಾಸಕೋಶಕ್ಕೆ ಇಳಿದ ಚೂರಿನಿಂದ ನ್ಯುಮೋನಿಯಾ. ತಲೆಯ ಸ್ಕ್ಯಾನು ನೋಡಿದ ಡಾಕ್ಟರು ಒಂದು ಸಣ್ಣ ಸ್ಟ್ರೋಕ್ ಆಗಿಹೋಗಿದೆ, ನುಂಗುವ ನರಗಳು ಸೋತಿವೆ ಎಂದರು. ಅಲ್ಲಿಂದ ನೀನು ಈ ಮನೆಯ ಮೆಟ್ಟಿಲು ಹತ್ತಿಲ್ಲ. ಔಷಧಿ ಕಳಿಸುತ್ತೀಯ, ಪಾರ್ಸೆಲ್ ಕಳಿಸುತ್ತೀಯ, ಫೋನು ಮಾಡಿ 'ಹೇಗಿದ್ದಾರೆ' ಎನ್ನುತ್ತೀಯ, 'ಕೊಡಲಾ?' ಎಂದರೆ ಶಿಫ್ಟಿಗೆ ಹೊತ್ತಾಯಿತು ಎನ್ನುತ್ತೀಯ.

ಇಲ್ಲಿ ನಾವು ಒಂದು ವರ್ಷ ಹೇಗೆ ಬದುಕಿದೆವು ಎಂದು ನಿನಗೆ ಫೋನಿನಲ್ಲಿ ಹೇಳಲಾಗುತ್ತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನಮ್ಮಲ್ಲಿ ಬಾಯಿಗೆ ಬಂದದ್ದು ಗಂಟಲಿಗೆ ಇಳಿಯಲಿಲ್ಲ. ನೀರು ಕೂಡ ಹಾಗೇ ಕುಡಿಯುವಂತಿಲ್ಲ. ಒಂದು ಬಿಳಿ ಪುಡಿ ಕೊಟ್ಟಿದ್ದಾರೆ, ಚಮಚದಲ್ಲಿ ಹಾಕಿ ಕಲಕಿದರೆ ನೀರು ಗಟ್ಟಿಯಾಗುತ್ತದೆ. ಚಹಾ ಕೂಡ ಚಮಚದಲ್ಲಿ ತಿನ್ನಬೇಕು. ಈಗೀಗ ಪುಡಿಯನ್ನು ಅವರೇ ಕಲಕಿಕೊಳ್ಳುತ್ತಾರೆ. ಉಳಿದದ್ದೆಲ್ಲ ಅರೆದದ್ದು, ಮಸೆದದ್ದು. ವಾರಕ್ಕೆರಡು ಸಲ ಆಸ್ಪತ್ರೆಯಿಂದ ಒಬ್ಬಳು ಹುಡುಗಿ ಬಂದು ಅವರಿಗೆ ನುಂಗುವುದನ್ನು ಕಲಿಸುತ್ತಾಳೆ. ನಾವು ಅವಳಿಗೆ ನುಂಗು ಟೀಚರ್ ಎಂದು ಹೆಸರಿಟ್ಟಿದ್ದೇವೆ. 'ಗದ್ದ ಎದೆಗೆ ತಾಗಿಸಿ, ಈಗ ನುಂಗಿ, ಈಗ ಬರೀ ಬಾಯಲ್ಲಿ ಇನ್ನೊಂದು ಸಲ ನುಂಗಿ' ಎನ್ನುತ್ತಾಳೆ. ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗಿ ಕೂಗಿ ಮೂರು ಬೀದಿಯ ಆಚೆಗೆ ಕೇಳಿಸುತ್ತಿದ್ದ ಗಂಟಲು, ಈಗ ಒಂದು ಚಮಚ ಗಂಜಿಗೆ ಅಪ್ಪಣೆ ಕೇಳುತ್ತ ಕೂತಿತ್ತು. ಅವರು ದೂರಲಿಲ್ಲ. ದೂರು ಹೇಳದ ಮನುಷ್ಯನ ಮುಂದೆ ದಿನಕ್ಕೆ ಮೂರು ಸಲ ಬಟ್ಟಲು ಇಡುವುದು ಎಷ್ಟು ಕಷ್ಟ ಗೊತ್ತಾ? ಒಂದು ಸಲವಾದರೂ ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ.

ಹೋದ ತಿಂಗಳು ನುಂಗು ಟೀಚರ್ ಅವರ ಗಂಟಲ ಮೇಲೆ ಬೆರಳಿಟ್ಟು ಪರೀಕ್ಷೆ ಮಾಡಿ, 'ಪರವಾಗಿಲ್ಲವೇ! ಏನಾದ್ರೂ ತಿನ್ನಬೇಕು ಅಂತ ಆಸೆ ಇದೆಯಾ?' ಎಂದಳು. ಕೇಳಿದ್ದು ಸುಮ್ಮನೆ. ಇವರು ತಡಮಾಡದೆ 'ಟರ್ಕಿ' ಎಂದರು.

ಆ ಹುಡುಗಿಗೂ ಹಿಂದಿನ ಕತೆ ಗೊತ್ತಿತ್ತು. ನನ್ನ ಮುಖ ನೋಡಿದಳು, ಇವರ ಮುಖ ನೋಡಿದಳು. 'ಎದೆಯ ಮಾಂಸ ಬೇಡವೇ ಬೇಡ. ತೊಡೆಯದ್ದು, ನುಣ್ಣಗೆ ಕೊಚ್ಚಬೇಕು, ಗಟ್ಟಿ ರಸದಲ್ಲಿ ಮುಳುಗಿಸಬೇಕು. ಫೋರ್ಕಿನಿಂದ ಒತ್ತಿದರೆ ಮಾಂಸದಿಂದ ನೀರು ಬರಬೇಕು, ಹುಡಿ ಬರಬಾರದು. ಒಂದು ಚೂರು ಒಣಗಿದ್ದರೂ ನಾನು ಅಲ್ಲೇ ತಟ್ಟೆ ತೆಗೆದುಬಿಡ್ತೀನಿ' ಎಂದಳು. 'ಹಾಗಾದ್ರೆ ನೀನೂ ಊಟಕ್ಕೆ ಬರಬೇಕು' ಎಂದರು ಇವರು. ಹೀಗೆ ನಿನ್ನ ಕುರ್ಚಿಯ ಪಕ್ಕಕ್ಕೆ ಒಂದು ಹೊಸ ಕುರ್ಚಿ ಬಂತು. ನಿನ್ನ ಕುರ್ಚಿಯಲ್ಲಿ ಯಾರನ್ನೂ ಕೂರಿಸಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಇನ್ನು ಟರ್ಕಿಯ ವಿಷಯ. ನೀನು ಕೇಳದಿದ್ದರೂ ಬರೆಯುತ್ತೇನೆ, ಒಂದಲ್ಲ ಒಂದು ದಿನ ನಿನಗೆ ಬೇಕಾಗುತ್ತದೆ. ಇಷ್ಟು ವರ್ಷ ಈ ಹಕ್ಕಿಯನ್ನು ಮೆತ್ತಗೆ ಮಾಡಿದ್ದು ನಾಲಿಗೆಯ ಸುಖಕ್ಕೆ. ಈ ವರ್ಷ ಅದು ಜೀವದ ಪ್ರಶ್ನೆಯಾಗಿತ್ತು. ಮಾಂಸದಂಗಡಿಯವನಿಗೆ ಚಿಕ್ಕದು ಬೇಕು ಎಂದೆ. 'ಏನಮ್ಮಾ, ಮನೇಲಿ ಜನ ಕಮ್ಮಿಯಾದ್ರಾ?' ಎಂದ. 'ಜನ ಅಷ್ಟೇ ಇದ್ದಾರೆ, ಒಬ್ಬಳು ಮುನಿಸಿಕೊಂಡಿದ್ದಾಳೆ' ಎಂದೆ. ದೊಡ್ಡ ಹಕ್ಕಿ ನೋಡುವುದಕ್ಕೆ ಚೆಂದ, ಆದರೆ ಅದರ ತೊಡೆ ಬೇಯುವ ಹೊತ್ತಿಗೆ ಎದೆ ಮರದ ಹೊಟ್ಟಾಗಿರುತ್ತದೆ.

ಹಿಂದಿನ ದಿನವೇ ಚೆನ್ನಾಗಿ ಒರೆಸಿ, ಮೈಗೆಲ್ಲ ಉಪ್ಪು ಹಚ್ಚಿ, ಮುಚ್ಚದೆ ಫ್ರಿಜ್ಜಿನಲ್ಲಿ ಇಡಬೇಕು. ಉಪ್ಪು ಮೊದಲು ಮಾಂಸದ ನೀರನ್ನು ಹೊರಗೆ ಎಳೆಯುತ್ತದೆ, ಆಮೇಲೆ ತಾನೂ ಅದರ ಜೊತೆ ಸೇರಿ ಒಳಗೆ ಹೋಗುತ್ತದೆ. ಹಾಗೆ ಹೋದದ್ದು ಬೆಂಕಿಗೂ ಬೇಗ ಹೊರಗೆ ಬರುವುದಿಲ್ಲ. ಪ್ರತಿ ವರ್ಷ ಈ ಕೆಲಸ ಮಾಡುವಾಗ ಸೂಜಿ ಚುಚ್ಚಿದ ನನ್ನ ಬೆರಳುಗಳು ಉರಿದು ನಾನು ಅಡುಗೆಮನೆಯಲ್ಲಿ ಕುಣಿಯುತ್ತಿದ್ದೆ. ಈ ವರ್ಷ ನೀನು ಪಾರ್ಸೆಲ್ಲಿನಲ್ಲಿ ಕಳಿಸಿದ ರಬ್ಬರ್ ಗ್ಲೌಸು ಹಾಕಿಕೊಂಡೆ. ಉರಿಯೇ ಇಲ್ಲ! ಮಗಳು ಬರದಿದ್ದರೂ ಮಗಳ ಗ್ಲೌಸು ಬಂದಿದೆ ಎಂದು ನಿನ್ನಪ್ಪನಿಗೆ ತೋರಿಸಿದೆ. ಅವರು ಅಡುಗೆಮನೆಯಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದರು. ಕೆಲಸವಿಲ್ಲದ ಮನುಷ್ಯ ನೋಡು, ಎರಡು ದಿನದಿಂದ ನನ್ನ ಕಪಾಟುಗಳನ್ನೆಲ್ಲ ಒಪ್ಪ ಮಾಡುತ್ತಿದ್ದಾರೆ. ಸಕ್ಕರೆ ಹುಡುಕಿದರೆ ದಾರದುಂಡೆ ಸಿಗುತ್ತದೆ.

ಮರುದಿನ ಬೆಣ್ಣೆಗೆ ಬೆಳ್ಳುಳ್ಳಿ, ಸೊಪ್ಪು ಸೇರಿಸಿ ಚರ್ಮದ ಕೆಳಗೆ ಹರಡಿದೆ, ಕೋಟಿಗೆ ಅಸ್ತರು ಕೊಡುವ ಹಾಗೆ. ಬೆಣ್ಣೆ ಉಪ್ಪಿಲ್ಲದ್ದೇ ಇರಲಿ, ಮೈಗೆ ಹಚ್ಚಿದ್ದೇ ಸಾಕಾಗುತ್ತದೆ. ಕತ್ತಿನ ಚರ್ಮಕ್ಕೆ ನಾಲ್ಕು ಹೊಲಿಗೆ ಹಾಕಿದೆ. ಆಮೇಲೆ ಹಕ್ಕಿಯನ್ನು ಬೋರಲು ಮಲಗಿಸಬೇಕು. ನಿನ್ನ ಸೋದರತ್ತೆ ಪ್ರತಿ ವರ್ಷ 'ಇದೇನು, ಮುಖ ಕೆಳಗೆ ಮಾಡಿ ಮಲಗಿಸಿದ್ದೀಯ, ನಾಚಿಕೆಯಾ ಅದಕ್ಕೆ?' ಎನ್ನುತ್ತಾಳೆ. ಬೋರಲು ಮಲಗಿದರೆ ಬೆನ್ನಿನ ಕೊಬ್ಬು ಕರಗಿ ಎದೆಗೆ ಇಳಿಯುತ್ತದೆ. ಅರ್ಧ ಬೆಂದ ಮೇಲೆ ಅಂಗಾತ ತಿರುಗಿಸಬೇಕು. ತಿರುಗಿಸುವಾಗ ಮಾತ್ರ ಯಾರ ಜೊತೆಗೂ ಜಗಳವಾಡಬಾರದು. ತೊಡೆಯ ಸಂದಿಗೆ ಕಡ್ಡಿ ಚುಚ್ಚಿ ತಿಳಿ ನೀರು ಬಂದರೆ ಮುಗಿಯಿತು.

ಮುಗಿಯಿತು ಎಂದರೆ ಮುಗಿಯಲಿಲ್ಲ. ಹೊರಗೆ ತೆಗೆದು, ಅಲ್ಯೂಮಿನಿಯಂ ಹಾಳೆ ಮುಚ್ಚಿ, ಸುಮ್ಮನೆ ಬಿಡಬೇಕು. ಎಲ್ಲಕ್ಕಿಂತ ಕಷ್ಟ ಇದೇ. ಮನೆ ತುಂಬ ವಾಸನೆ, ಎಲ್ಲರೂ ತಟ್ಟೆ ಹಿಡಿದು ಕೂತಿದ್ದಾರೆ, ಆದರೂ ಮುಟ್ಟಬಾರದು. ಬಿಸಿಯಲ್ಲೇ ಕತ್ತಿ ಹಾಕಿದರೆ ರಸವೆಲ್ಲ ಹಲಗೆಗೆ ಹೋಗುತ್ತದೆ. ಬಿಟ್ಟರೆ ಮಾಂಸ ತನ್ನ ರಸವನ್ನು ತಾನೇ ಹಿಡಿದುಕೊಳ್ಳುತ್ತದೆ. ನಿನ್ನನ್ನೂ ಒಂದು ವರ್ಷ ಹಾಗೆಯೇ ಬಿಟ್ಟಿದ್ದೆ, ಇನ್ನು ಸಾಕು ಅನ್ನಿಸಿತು.

ಒಂದು ಆಶ್ಚರ್ಯ ಕೇಳು. ತಟ್ಟೆಯಲ್ಲಿ ಇಳಿದಿದ್ದ ರಸವನ್ನು ಗಟ್ಟಿ ಮಾಡಬೇಕು ಎಂದು ಆ ಪುಡಿಯ ಪೊಟ್ಟಣ ಹುಡುಕಿದೆ. ಎಲ್ಲೂ ಇಲ್ಲ. ಕಪಾಟು ಒಪ್ಪ ಮಾಡಿದವರನ್ನು ಮನಸ್ಸಿನಲ್ಲೇ ಬೈದುಕೊಂಡು ಸೌಟು ಹಾಕಿ ನೋಡುತ್ತೇನೆ, ರಸ ತಾನಾಗಿಯೇ ಗಟ್ಟಿಯಾಗಿ ನಿಂತಿದೆ! ಸೌಟಿನಿಂದ ಎತ್ತಿದರೆ ಜೇನಿನ ಹಾಗೆ ಇಳಿಯುತ್ತಿದೆ. ಇಷ್ಟು ವರ್ಷದ ಕೈಗುಣ ಎಂದು ಬೀಗಿದೆ.

ಊಟಕ್ಕೆ ಕೂತೆವು. ನಿನ್ನಪ್ಪ ಮೇಜಿನ ತುದಿಯಲ್ಲಿ, ಅವರ ಬಲಕ್ಕೆ ನುಂಗು ಟೀಚರ್, ಎದುರಿಗೆ ನಿನ್ನ ಸೋದರತ್ತೆ, ಎಡಕ್ಕೆ ನಾನು. ಹರಾಜುಗಾರನಿಗಿಂತ ಮೊದಲು ಮಾಲು ಮುಟ್ಟಿದವರು ಕಳ್ಳರು ಎಂಬುದು ನಮ್ಮ ಮನೆಯ ಕಾನೂನಲ್ಲವೇ, ಹಾಗಾಗಿ ಒಲೆಯ ಮುಂದೆ ನಿಂತ ನಾನೂ ಬೆರಳು ನೆಕ್ಕಿರಲಿಲ್ಲ. ತೊಡೆಯ ಮಾಂಸ ಕೊಚ್ಚಿ ರಸದಲ್ಲಿ ಮುಳುಗಿಸಿ ಬಟ್ಟಲಲ್ಲಿ ಇಟ್ಟೆ. ಟೀಚರ್ ಫೋರ್ಕಿನಿಂದ ಒತ್ತಿ ನೋಡಿದಳು. ರಸ ಉಕ್ಕಿತು. ತಲೆಯಾಡಿಸಿದಳು.

ಗದ್ದ ಎದೆಗೆ ತಾಗಿತು. ಗಂಟಲ ಮಣಿ ಮೇಲೆ ಹೋಯಿತು, ಕೆಳಗೆ ಬಂತು. ಇನ್ನೊಂದು ಸಲ ಮೇಲೆ ಹೋಯಿತು, ಬಂತು. ನಿನ್ನ ಸೋದರತ್ತೆ ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಕೂತಿದ್ದಳು. 'ಆ ಅನ್ನಿ' ಎಂದಳು ಟೀಚರ್. 'ಆ' ಎಂದರು. ಸ್ವಚ್ಛವಾದ ಸ್ವರ, ಗೊರಗೊರ ಇಲ್ಲ. ನಾನು ಮೇಜಿನ ಕೆಳಗೆ ನನ್ನ ಸೆರಗನ್ನೇ ಹಿಂಡುತ್ತಿದ್ದೆ.

ಪ್ರತಿ ವರ್ಷದ ಹಾಗೆ ಕೇಳಿದೆ: 'ಉಪ್ಪು?'

ನಿನಗೆ ಗೊತ್ತಲ್ಲ ಅವರ ಉತ್ತರ. ನಾನು ಅವರನ್ನು ಮದುವೆಯಾಗಿ ಈ ಮನೆಗೆ ಬಂದ ವರ್ಷದಿಂದ ಒಂದೇ ತೀರ್ಪು, 'ಉಪ್ಪು ಸ್ವಲ್ಪ ಕಡಿಮೆ.' ಕೈ ತುಂಬ ಹಾಕಿದರೂ ಅದೇ. ನಿನ್ನೆ ಕಣ್ಣು ಮುಚ್ಚಿಕೊಂಡರು, ಒಂದು ಕ್ಷಣ ತಡೆದರು, ಆಮೇಲೆ ಕಣ್ಣು ಬಿಟ್ಟು ನನ್ನನ್ನೇ ನೋಡಿ ಹೇಳಿದರು:

'ಹದವಾಗಿದೆ. ಉಪ್ಪು ಹದವಾಗಿದೆ ಈ ಸಲ.'

ಮೊಂಡಿ, ನಾನು ಅಡುಗೆಮನೆಗೆ ಓಡಿ ಒಲೆ ಒರೆಸುವ ಬಟ್ಟೆಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಇಷ್ಟು ಸಣ್ಣ ಮಾತಿಗೆ ಯಾರಾದರೂ ಅಳುತ್ತಾರಾ? ಮುದುಕಿ ಅಳುತ್ತಾಳೆ.

ವಾಪಸು ಬರುವ ಹೊತ್ತಿಗೆ ಎಲ್ಲರೂ ತಟ್ಟೆಗೆ ಹಾಕಿಕೊಂಡು ತಿನ್ನುತ್ತಿದ್ದರು. ಸೋದರತ್ತೆಗೆ 'ಹೇಗಿದೆ?' ಎಂದೆ. 'ಮೆತ್ತಗಿದೆ. ಬಹಳ ಮೆತ್ತಗಿದೆ' ಎಂದು ತಟ್ಟೆ ನೋಡುತ್ತ ಹೇಳಿದಳು. ಏನೂ ಕೊಂಕಿಲ್ಲ! ಮೈಗೆ ಹುಷಾರಿಲ್ಲವೇನೋ ಎಂದುಕೊಂಡೆ. ನನಗೆ ಒಂದು ತುತ್ತೂ ಹೋಗಲಿಲ್ಲ, ಬ್ರೆಡ್ಡು ಮುರಿದುಕೊಂಡು ಅವರ ಗಂಟಲನ್ನೇ ನೋಡುತ್ತ ಕೂತೆ.

ನಾಲ್ಕನೆಯ ಚಮಚವೋ ಐದನೆಯದೋ ಆದ ಮೇಲೆ ಅವರು ಚಮಚ ಕೆಳಗಿಟ್ಟರು. ನಿನ್ನ ಕುರ್ಚಿಯ ಕಡೆ ನೋಡಿದರು. ಮಾತು ಈಗ ನಿಧಾನ, ಒಂದೊಂದೇ ಪದ ತೂಗಿ ತೂಗಿ ಬರುತ್ತದೆ. 'ಅವಳಿಗೆ ಡ್ಯೂಟಿ ಇಲ್ಲ, ನಂಗೊತ್ತು' ಎಂದರು. ನಾನು ತಲೆ ತಗ್ಗಿಸಿದೆ. 'ಅವಳಿಗೆ ಬರಿ. ನಾನು ಹೇಳಿದ ಹಾಗೇ ಬರಿ.' ಅವರು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ, ನನ್ನದು ಒಂದು ಹೊಲಿಗೆಯೂ ಇಲ್ಲ:

'ಅವರಮ್ಮನ ಟರ್ಕಿ ಯಾವತ್ತೂ ಒಣಗಿದ್ದೇ. ಒಂದು ವರ್ಷವೂ ತಪ್ಪಿಲ್ಲ. ತುತ್ತು ತುತ್ತಿಗೂ ನೀರು ಕುಡಿದು ನುಂಗ್ತಿದ್ದೆ, ಅದ್ಭುತ ಅಂತಿದ್ದೆ. ಅವಳಿಗೆ ಅಷ್ಟು ಖುಷಿಯಾಗೋದು. ಹೋದ ವರ್ಷ ಬೇಸಿಗೆಯಿಂದಲೇ ನಂಗೆ ಗಂಟಲು ಹಿಡೀತಿತ್ತು. ಬ್ರೆಡ್ಡೂ ಇಳೀತಿರಲಿಲ್ಲ. ಯಾರಿಗೂ ಹೇಳಲಿಲ್ಲ, ಹೇಳಿದ್ರೆ ಆಸ್ಪತ್ರೆ ಅಂತೀರಿ ಅಂತ. ಆ ದಿನ ಮೊದಲನೇ ತುತ್ತಲ್ಲೇ ಗೊತ್ತಾಯ್ತು, ಇದು ಇಳಿಯೋದಲ್ಲ ಅಂತ. ಆದ್ರೆ ಹುಡುಗಿ ಮುಖ ನೋಡಿದೆ. ಅವರಮ್ಮನ ಮುಖವೇ. ಅದ್ಭುತ ಅಂದೆ. ಇನ್ನೊಂದು ತುಂಡು ಕೇಳಿದೆ. ಅವಳು ನಂಗೆ ತಿನ್ನಿಸಲಿಲ್ಲ. ನಾನೇ ತಿಂದೆ. ತಪ್ಪು ಅವಳ ಕೈದಲ್ಲ, ನನ್ನ ಬಾಯಿದು.'

ಇಷ್ಟು ಹೇಳುವಷ್ಟರಲ್ಲಿ ಅವರಿಗೆ ಸುಸ್ತಾಯಿತು. ಟೀಚರ್ ಅವರ ಬೆನ್ನ ಮೇಲೆ ಕೈ ಇಟ್ಟಳು. ನಿನ್ನ ಸೋದರತ್ತೆ ಮೂಗು ಒರೆಸಿಕೊಂಡಳು. ನಾನು ನೀರಿನ ಹೂಜಿ ತರುತ್ತೇನೆ ಎಂದು ಎದ್ದೆ. ಹೂಜಿ ಮೇಜಿನ ಮೇಲೆಯೇ ಇತ್ತು.

ಈಗ ನಾನು ಹೇಳುವುದು ಕೇಳು. ಒಂದು ವರ್ಷದಿಂದ ಯಾವ ಕಲ್ಲನ್ನು ಎದೆಯ ಮೇಲೆ ಹೊತ್ತುಕೊಂಡು ಆ ಕ್ರೇನು ಹತ್ತಿ ಇಳಿಯುತ್ತಿದ್ದೀಯೋ ಅದು ನಿನ್ನದಲ್ಲ. ಬೇರೆಯವರ ಹೊರೆಯನ್ನು ಎತ್ತಿಡುವುದು ನಿನ್ನ ಕೆಲಸವಿರಬಹುದು, ಆದರೆ ಇದನ್ನು ಇಳಿಸು. ಆ ದಿನ ಅವರ ಗಂಟಲಲ್ಲಿ ಸಿಕ್ಕಿಕೊಂಡದ್ದು ಅವರ 'ಅದ್ಭುತ'. ಅವರು ಅದನ್ನು ಒಪ್ಪಿಕೊಂಡಿದ್ದಾರೆ, ಸಾಕ್ಷಿಗೆ ಮೂರು ಜನ ಇದ್ದೇವೆ.

ಆಮೇಲೆ ಹರಾಜು ನಡೆಯಿತು. ಹೌದು, ನಡೆಯಿತು! ಟೀಚರಿಗೆ ಅರ್ಥವಾಗಲಿಲ್ಲ, ನಾನು ವಿವರಿಸಿದೆ: ನಮ್ಮ ಮನೆಯಲ್ಲಿ ರಜೆಯ ಊಟದ ದಿನ ಹಕ್ಕಿಯ ಒಳ್ಳೆಯ ತುಂಡುಗಳನ್ನು ಹರಾಜು ಹಾಕುತ್ತಾರೆ, ಮಾತು ಕೊಟ್ಟು ಕೊಳ್ಳಬೇಕು, ಕೊಟ್ಟ ಮಾತು ನಡೆಸಬೇಕು. ಒಂದು ಕಾಲಿಗಾಗಿ ನೀನು ಒಂದು ತಿಂಗಳು ಪಾತ್ರೆ ತೊಳೆದದ್ದನ್ನೂ ಹೇಳಿದೆ. ನಿನ್ನಪ್ಪ ಚಮಚದಿಂದ ಲೋಟ ತಟ್ಟಿದರು. ಸಣ್ಣ ದನಿ, ಆದರೂ ಹಳೇ ಗತ್ತು. 'ಒಂದು ಕಾಲು! ಒಂದು ಸಾರಿ... ಎರಡು ಸಾರಿ...' ಟೀಚರ್ ಜನವರಿಯಲ್ಲಿ ವಾರಕ್ಕೆ ಮೂರು ಸಲ ಬರುತ್ತೇನೆ ಎಂದು ಕಾಲು ಕೊಂಡಳು. ಸೋದರತ್ತೆ ಒಂದು ತಿಂಗಳು ಯಾರ ಸುದ್ದಿಯನ್ನೂ ಆಡುವುದಿಲ್ಲ ಎಂದು ಇನ್ನೊಂದು ಕಾಲು ಕೊಂಡಳು, ಅದನ್ನು ಯಾರೂ ನಂಬಲಿಲ್ಲ. ಎದೆ ಹೋಯಿತು, ರೆಕ್ಕೆ ಹೋಯಿತು, ಬಟ್ಟಲಲ್ಲಿ ಉಳಿದ ರಸವನ್ನೂ ಡಬ್ಬಿಗೆ ತುಂಬಿ ಟೀಚರಿಗೆ ಕೊಟ್ಟುಬಿಟ್ಟರು. 'ನನಗೆ?' ಎಂದೆ. 'ನಿನ್ನ ಹತ್ರ ಕೊಡೋಕೆ ಮಾತೇ ಉಳಿದಿಲ್ಲ, ಎಲ್ಲಾ ಈಗಾಗಲೇ ಕೊಟ್ಟಿದ್ದೀಯ' ಎಂದರು. ಮಾತೇನೋ ಚೆನ್ನಾಗಿದೆ, ಮಾಡಿದವಳ ಪಾಲಿಗೆ ಬಂದದ್ದು ಬರೀ ಎಲುಬು! ಇವತ್ತು ಅದನ್ನೇ ಸೂಪಿಗೆ ಇಟ್ಟಿದ್ದೇನೆ.

ಕೊನೆಗೆ ಉಳಿದದ್ದು ಇಬ್ಬರು ಎಳೆದು ಮುರಿದು ಆಸೆ ಬೇಡಿಕೊಳ್ಳುವ ಎದೆಯ ಕವಲು ಮೂಳೆ, ಚಿಕ್ಕಂದಿನಿಂದ ನೀನು ಯಾರಿಗೂ ಬಿಟ್ಟುಕೊಡದ್ದು. ಸೋದರತ್ತೆ ಕೈ ಎತ್ತಿದಳು. ಅವರು ಲೋಟ ತಟ್ಟಲಿಲ್ಲ. 'ಇದು ಹರಾಜಿಗಿಲ್ಲ. ಕೊಳ್ಳೋಳು ಇನ್ನೂ ಬಂದಿಲ್ಲ' ಎಂದರು. ತೊಳೆದು ಅಡುಗೆಮನೆಯ ಕಿಟಕಿಯಲ್ಲಿ ಒಣಗಲು ಇಟ್ಟಿದ್ದಾರೆ. ನನಗೆ ಮುಟ್ಟುವುದಕ್ಕೂ ಬಿಡುವುದಿಲ್ಲ.

ಹಡಗುಗಳು ಸಾಲು ನಿಂತಿದ್ದರೆ ನಿಲ್ಲಲಿ. ಬಾ. ಏನು ಮಾತು ಕೊಟ್ಟು ಆ ಮೂಳೆ ಕೊಳ್ಳುತ್ತೀಯೋ ದಾರಿಯಲ್ಲಿ ಯೋಚಿಸಿಕೊಂಡು ಬಾ. ಎತ್ತರದಲ್ಲಿ ಗಾಳಿ ಜಾಸ್ತಿ, ಕಿವಿಗೆ ಕಟ್ಟಿಕೋ. ದೀರ್ಘಾಯುಸ್ಸು, ನೆಮ್ಮದಿ, ಒಳ್ಳೆಯ ನಿದ್ದೆ ಮೂರೂ ನಿನಗೆ ಸಿಗಲಿ.

ಇತಿ,
ನಿನ್ನ ಚಿಕ್ಕಮ್ಮ

ಇನ್ನೊಂದು ಮಾತು: ಕಾಗದ ಮಡಚಿಟ್ಟು, ಅಂಟಿಸುವ ಮೊದಲು ಸೂಪು ನೋಡಲು ಎದ್ದೆ, ಈಗ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ.

ಉಪ್ಪು ಹಚ್ಚಿದ ಹಕ್ಕಿಯ ಎಲುಬಲ್ಲವೇ ಎಂದು ಸೂಪಿಗೆ ಬೇರೆ ಉಪ್ಪು ಹಾಕಿರಲಿಲ್ಲ. ರುಚಿ ನೋಡಿದೆ. ಸಪ್ಪೆ. ಬರೀ ಸಪ್ಪೆಯಲ್ಲ, ಉಪ್ಪಿನ ಮುಖವನ್ನೇ ನೋಡದ ಸಪ್ಪೆ. ಎಲುಬಿಗೆ ಅಂಟಿದ್ದ ಮಾಂಸ ಕಿತ್ತು ಬಾಯಿಗೆ ಹಾಕಿಕೊಂಡೆ, ಅದೂ ಹಾಗೆಯೇ. ಉಪ್ಪಿನ ಜಾಡಿಯಿಂದ ಒಂದು ಚಮಚ ತೆಗೆದು ಹಾಕಿ ಕಲಕಿದೆ. ಸೂಪು ನನ್ನ ಕಣ್ಣೆದುರೇ ಅಂಟಿನ ಹಾಗೆ ಗಟ್ಟಿಯಾಯಿತು. ಕಪಾಟು ಒಪ್ಪ ಮಾಡಿದ ಮಹಾಶಯರು ನೀರು ಗಟ್ಟಿ ಮಾಡುವ ಪುಡಿಯನ್ನು ಉಪ್ಪಿನ ಜಾಡಿಗೆ ಸುರಿದು, 'ದಿನಾ ಬೇಕಾಗೋದು ಕೈಗೆ ಸಿಗೋ ಹಾಗಿರಲಿ' ಎಂದುಕೊಂಡೋ ಏನೋ, ಉಪ್ಪನ್ನು ಕಾಫಿ ಡಬ್ಬಿಗೆ ತುಂಬಿಟ್ಟಿದ್ದರು. ನಾನು ನಿನ್ನ ಗ್ಲೌಸು ಹಾಕಿಕೊಂಡು ಇಡೀ ಹಕ್ಕಿಗೆ ಆ ಪುಡಿಯನ್ನೇ ತಿಕ್ಕಿದ್ದೆ. ನನ್ನ ಕೈಗುಣ ಎಂದು ಬೀಗಿದೆನಲ್ಲ, ಅದು ಇಷ್ಟೇ.

ನಿನ್ನೆ ಮೇಜಿನಲ್ಲಿ ಒಂದು ಹರಳು ಉಪ್ಪಿರಲಿಲ್ಲ, ಮೊಂಡಿ. ಸೋದರತ್ತೆ ಯಾಕೆ ಕೊಂಕು ತೆಗೆಯಲಿಲ್ಲ, ಎಲ್ಲ ತುಂಡುಗಳನ್ನೂ ಯಾಕೆ ಹರಾಜು ಹಾಕಿದರು, ನನಗೆ ಯಾಕೆ ಒಂದು ತುತ್ತೂ ಉಳಿಸಲಿಲ್ಲ ಎಂದು ಈಗ ಗೊತ್ತಾಯಿತು.

ಅವರ ನಾಲಿಗೆಯೇ ಸತ್ತಿದೆಯೋ ಏನೋ ಎಂದು ಒಂದು ಕ್ಷಣ ಭಯವಾಯಿತು. ಕಾಫಿ ಡಬ್ಬಿಯ ಉಪ್ಪು ಹಾಕಿದೆ, ಸರಿಯಾಗಿ, ನನ್ನ ಲೆಕ್ಕಕ್ಕೆ ಸ್ವಲ್ಪ ಜಾಸ್ತಿಯೇ. ಬಟ್ಟಲಲ್ಲಿ ಕೊಟ್ಟೆ. ಗದ್ದ ಎದೆಗೆ ತಾಗಿಸಿ ಒಂದು ಚಮಚ ನುಂಗಿದರು. 'ಉಪ್ಪು ಸ್ವಲ್ಪ ಕಡಿಮೆ' ಎಂದರು.

ನಿನಗೆ ಯಾವತ್ತೂ ಹೇಳಿರಲಿಲ್ಲ. ಈ ಮನೆಯ ಮೇಜಿಗೆ ನಾನು ಕೂತ ಮೊದಲ ವರ್ಷ ಇದೇ ತೀರ್ಪು ಬಂದಾಗ, ನಿನ್ನ ಸೋದರತ್ತೆ 'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ' ಎಂದು ಗಾದೆ ಹೇಳಿ ನಕ್ಕಿದ್ದಳು. ಎರಡು ಅರ್ಧವೂ ನನಗೇ ತಗುಲಿದ್ದವು. ನೀನು ನಿನ್ನ ತಟ್ಟೆ ದೂಡಿ ಎದ್ದು ಹೋಗಿದ್ದೆ. ಆಗ ಪುಟ್ಟ ಮಗು ನೀನು, ನಿನ್ನ ಮೇಲೆ ನನಗೆ ಬೇಸರವೇನೂ ಇಲ್ಲ. ನಿನ್ನೆ ಅವರು ನಿನಗಾಗಿ ಆ ಮಾತೆಲ್ಲ ಹೇಳುವಾಗ, ಇದ್ದ ಹೂಜಿ ತರಲು ನಾನು ಯಾಕೆ ಎದ್ದೆ ಗೊತ್ತಾ? ನಿನ್ನಮ್ಮನ ಒಣ ಟರ್ಕಿಯನ್ನು ನೀರು ಕುಡಿದು ನುಂಗಿ ಅದ್ಭುತ ಎಂದರು. ನಿನಗಾಗಿ ಉಸಿರು ನಿಲ್ಲುವವರೆಗೂ ಅದ್ಭುತ ಎಂದರು. ನನ್ನ ಮೆತ್ತನೆಯ ಟರ್ಕಿಗೆ ಮಾತ್ರ ಪ್ರತಿ ವರ್ಷ ನಿಜ ಹೇಳಿದರು. ಒಂದು ಸುಳ್ಳಿಗೂ ನಾನು ಯೋಗ್ಯಳಲ್ಲವೇ ಎಂದು ಒಳಗೊಳಗೇ ಎಷ್ಟು ವರ್ಷ ಕೊರಗಿದ್ದೇನೆ, ಯಾರಿಗೆ ಹೇಳಲಿ?

ಇವತ್ತು ಬಟ್ಟಲು ತೆಗೆದುಕೊಂಡು ಒಳಗೆ ಬಂದೆ. ಕೇಳಲಿಲ್ಲ, ಕೇಳುವುದೂ ಇಲ್ಲ. ನೀನು ಬಂದಾಗ ನೀನೂ ಬಾಯಿ ಬಿಡಬೇಡ. ಉಪ್ಪನ್ನು ಕಾಫಿ ಡಬ್ಬಿಯಲ್ಲೇ ಇಟ್ಟಿದ್ದೇನೆ, ಜಾಡಿಯಲ್ಲಿ ಪುಡಿ ಹಾಗೆಯೇ ಇದೆ. ನನಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಗಬಾರದು.